ಚಿಕ್ಕೋಡಿಯಿಂದ ಡೆಟ್ರಾಯಿಟ್‌ಗೆ: ಪರಸ್ಥಳದವರು ಊರಿನ ಪ್ರತಿನಿಧಿಗಳಾಗುವ ಬಗೆ

ಸ್ಮರಣ ಸಂಚಿಕೆಯಲ್ಲಿ ಮುಖ್ಯಾಧ್ಯಾಪಿನಿಯರ ಲೇಖನವೊಂದು ಇರತಕ್ಕದ್ದೆಂಬ ರೂಢಿ ಇರುತ್ತದೆ. ಕಟ್ಟಡದ ನಿಧಿ, ಪರೀಕ್ಷೆಯ ಫಲಿತಾಂಶ ಮೊದಲಾದ ಸಂಗತಿಗಳು ಬೇರೆ ಪುಟಗಳಲ್ಲಿ ಬಂದಿರುವುದರಿಂದ ಈ ಸಲ ನಾವು ನಾಗರಿಕಶಾಸ್ತ್ರಕ್ಕೆ ಸೇರಿದ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಒಂದು ಊರಿನಲ್ಲಿ ಹುಟ್ಟಿ ಬೆಳೆದು, ಇನ್ನೊಂದು ಊರಿಗೆ ಹೋಗಿ ನೆಲೆಸಿದವರು, ಆ ಎರಡನೆಯ ಊರಿನ ಕಾರಭಾರದಲ್ಲಿ ಪಾಲುಗಾರರಾಗುವುದು ಹೇಗೆ, ಅದಕ್ಕೆ ಏನೇನು ಬೇಕು, ಅದರಿಂದ ಆ ಊರಿನವರಿಗೆ ಆಗುವ ಲಾಭವೇನು, ಹಾನಿಯೇನು, ಎಂಬುದೇ ಆ ವಿಷಯವು. ಇದು ಸಮುದ್ರ ದಾಟಿ ಹೋದ ಗಂಡಸರ ಕಥೆಯೆಂದು ತಿಳಿದು ಹೆಣ್ಣುಮಕ್ಕಳ ತಾಯಿತಂದೆಗಳು ಪುಟವನ್ನು ಮಗುಚಬಾರದೆಂದು ನಮ್ಮ ಬಿನ್ನಹ. ಅದಕ್ಕೆ ಕಾರಣವನ್ನು ಮುಂದೆ ಹೇಳುವೆವು.

ಉದಾಹರಣೆಗಾಗಿ ನಾವು ದೂರ ಹುಡುಕಬೇಕಾಗಿಲ್ಲ. 1955ನೆಯ ಇಸವಿಯ ಫೆಬ್ರುವರಿ 22ರಂದು ನಮ್ಮ ಚಿಕ್ಕೋಡಿಯಲ್ಲಿ, ಮರಾಠಿ ಮನೆಮಾತಿನ ಒಂದು ಬಡ ಕುಟುಂಬದಲ್ಲಿ ಗಂಡುಮಗುವೊಂದು ಹುಟ್ಟಿತು. ಆ ಮಗುವಿಗೆ ಶ್ರೀ ಎಂದೇ ಹೆಸರು; ಅಂದರೆ ನಾವು ಗೌರವಕ್ಕಾಗಿ ಹೆಸರಿನ ಹಿಂದೆ ಹಚ್ಚುವ ಶ್ರೀ ಅಲ್ಲ, ಹೆಸರೇ ಶ್ರೀ. ಶ್ರೀ ಠಾಣೇದಾರ ಎಂಬ ಆ ಮಗು ಇಂದಿಗೆ ಅಮೇರಿಕದ ಸಂಸತ್ತಿನ ಕೆಳಮನೆಗೆ ಮಿಶಿಗನ್ ಸಂಸ್ಥಾನದ ಡೆಟ್ರಾಯಿಟ್ ಕಡೆಯಿಂದ ಎರಡು ಸಲ, ಅಂದರೆ 2022ರಲ್ಲಿಯೂ 2024ರಲ್ಲಿಯೂ, ಆರಿಸಿ ಬಂದವರು. ಅವರು ಹುಟ್ಟಿದಾಗ ಚಿಕ್ಕೋಡಿಯು ಮುಂಬಯಿ ರಾಜ್ಯದಲ್ಲಿತ್ತು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ, 1956ರ ನವೆಂಬರ್ 1ರಂದು, ಚಂದಗಡ ತಾಲೂಕೊಂದನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು; 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಮನೆಯವರು ಹೊಸ್ತಿಲು ದಾಟದೆ ಮನೆಯ ರಾಜ್ಯವೇ ಬದಲಾಗುವುದೆಂದರೇನೆಂಬುದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಮ್ಮ ಪಾಲಕರಿಗೆ ಯಾರೂ ತಿಳಿಸಿ ಹೇಳಬೇಕಾದುದಿಲ್ಲ. ಕೃಷ್ಣಾ ದೂಧಗಂಗೆಗಳ ಈ ದಂಡೆಗಳಲ್ಲಿ ಸಂತೆಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು ಭಾಷೆ, ಕಚೇರಿಯಲ್ಲಿ ಒಮ್ಮೊಮ್ಮೆ ಮೂರನೆಯದು. ಆದುದರಿಂದ ಪರಸ್ಥಳದವರು, ಸ್ವಸ್ಥಳದವರು ಎಂಬ ಮಾತನ್ನು ನಮ್ಮ ಭಾಗದವರು ಸ್ವಲ್ಪ ಎಚ್ಚರಿಕೆಯಿಂದಲೇ ಆಡುವುದುಂಟು.

ಠಾಣೇದಾರರು ಬೆಳೆದುದು ಬೆಳಗಾವಿಯಲ್ಲಿ. ಅವರ ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯವರ ನೌಕರಿಯು ಅಕಾಲದಲ್ಲಿ ಮುಗಿದು, ದೊಡ್ಡ ಸಂಸಾರದ ಭಾರದಲ್ಲಿ ಈ ಹುಡುಗನೂ ಹೆಗಲು ಕೊಡಬೇಕಾಯಿತು. ಹದಿನೆಂಟನೆಯ ವಯಸ್ಸಿಗೆ ರಸಾಯನಶಾಸ್ತ್ರದಲ್ಲಿ ಪದವಿಯನ್ನೂ ತರುವಾಯ ಮುಂಬಯಿ ವಿಶ್ವವಿದ್ಯಾಲಯದ ಮಾಸ್ತರ ಪದವಿಯನ್ನೂ ಪಡೆದರು. 1979ರಲ್ಲಿ, ಇಪ್ಪತ್ತನಾಲ್ಕು ವರ್ಷದ ತರುಣರಾಗಿ, ಅಮೇರಿಕದ ಓಹಾಯೋ ಸಂಸ್ಥಾನದ ಆ್ಯಕ್ರನ್ ವಿಶ್ವವಿದ್ಯಾಲಯಕ್ಕೆ ಹೆಚ್ಚಿನ ವ್ಯಾಸಂಗಕ್ಕೆ ಹೋಗಿ 1982ರಲ್ಲಿ ಡಾಕ್ಟರೇಟ್ ಪಡೆದರು.

ಇಲ್ಲಿ ಒಂದು ಕ್ಷಣ ನಿಂತು, ಆ ದೇಶದ ಬಾಗಿಲು ನಮ್ಮವರಿಗೆ ಎಂದು ತೆರೆಯಿತೆಂಬುದನ್ನು ನೋಡಬೇಕು. ಏಕೆಂದರೆ ಬುದ್ಧಿ, ಪರಿಶ್ರಮಗಳು ಎಷ್ಟಿದ್ದರೂ ಬಾಗಿಲು ಮುಚ್ಚಿದ್ದರೆ ಪ್ರಯೋಜನವಿಲ್ಲ. 1923ರಲ್ಲಿ ಅಮೇರಿಕದ ಸರ್ವೋಚ್ಚ ನ್ಯಾಯಾಲಯವು ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಹಿಂದುಸ್ಥಾನದವರು ಆ ದೇಶದ ನಾಗರಿಕರಾಗಲು ಅರ್ಹರಲ್ಲವೆಂದು ತೀರ್ಪಿತ್ತಿತು. 1946ರ ಕಾನೂನಿನಿಂದ ನಾಗರಿಕರಾಗುವ ಹಕ್ಕು ದೊರೆಯಿತಾದರೂ, ಹೊಸದಾಗಿ ಬಂದು ನೆಲೆಸಲು ನಮ್ಮ ಇಡೀ ದೇಶಕ್ಕೆ ವರ್ಷಕ್ಕೆ 100 ಜನರೆಂದು ಮಿತಿ ಹಾಕಿದ್ದರು. 1965ರ ಕಾನೂನು ಈ ದೇಶವಾರು ಪಾಲನ್ನು ತೆಗೆದುಹಾಕಿತು. ಆ ಕಾನೂನು ಇಲ್ಲದಿದ್ದರೆ, ಬೆಳಗಾವಿಯ ಹುಡುಗನು ಕಲಿತು ಮುಗಿಸಿ ಮರಳಿ ಬರುತ್ತಿದ್ದನೇ ಹೊರತು ಅಲ್ಲಿ ನೆಲೆಸುವಂತಿರಲಿಲ್ಲ. ಪರಿಶ್ರಮದ ಕಥೆಗಳನ್ನು ಮಕ್ಕಳಿಗೆ ಹೇಳುವಾಗ ಕಾನೂನಿನ ಪಾಲನ್ನು ಮರೆಯುವುದು ಶಿಕ್ಷಕರಿಗೆ ಅಂಟಿದ ಒಂದು ರೋಗವೆಂದು ನಮ್ಮ ಅಭಿಪ್ರಾಯ.

ಠಾಣೇದಾರರು 1988ರಲ್ಲಿ ಅಮೇರಿಕದ ನಾಗರಿಕರಾದರು. ಮುಂದಿನ ವ್ಯಾಪಾರದ ಭಾಗವನ್ನು ನಾವು ಬೇಗನೆ ದಾಟುವೆವು. 1991ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸಾಲ ತೆಗೆದು ಒಂದು ಸಣ್ಣ ರಾಸಾಯನಿಕ ಪರೀಕ್ಷಾಶಾಲೆಯನ್ನು ಕೊಂಡು ಬೆಳೆಸಿದರು; 2008ರ ಆರ್ಥಿಕ ಕುಸಿತದ ತರುವಾಯ ಸಾಲದ ಭಾರದಿಂದ 2010ರಲ್ಲಿ ಆ ಉದ್ಯಮವೆಲ್ಲ ಬ್ಯಾಂಕಿನ ವಶವಾಯಿತು; ಅದೇ ವರ್ಷ ಮಿಶಿಗನ್ನಿನ ಆ್ಯನ್ ಆರ್ಬರಿಗೆ ಬಂದು ಇನ್ನೊಂದು ಪರೀಕ್ಷಾಶಾಲೆಯನ್ನು ತೆರೆದು 2016ರಲ್ಲಿ ಅದರ ಹೆಚ್ಚಿನ ಪಾಲನ್ನು ಮಾರಿದರು. ಅವರು ಮರಾಠಿಯಲ್ಲಿ ಬರೆದ ಆತ್ಮಕಥೆಯನ್ನು ಗಡಿಭಾಗದಲ್ಲಿ ಓದಿದವರು ಅನೇಕರಿದ್ದಾರೆ. ಹೆಚ್ಚಿನ ವಿವರವನ್ನು ಅಪೇಕ್ಷಿಸುವವರು ಅದನ್ನು ನೋಡಬಹುದು.

ಈಗ ನಮ್ಮ ವಿಷಯದ ತಿರುಳಿಗೆ ಬಂದೆವು. 2018ರಲ್ಲಿ, ಅಂದರೆ ಆ ದೇಶದಲ್ಲಿ ಕಾಲಿರಿಸಿದ 39 ವರ್ಷಗಳ ತರುವಾಯ, ಠಾಣೇದಾರರು ರಾಜಕೀಯಕ್ಕೆ ಇಳಿದರು. ಇಳಿದದ್ದು ಎಲ್ಲಿಂದ? ಮೇಲಿನ ಮೆಟ್ಟಿಲಿನಿಂದ. ಮಿಶಿಗನ್ ಸಂಸ್ಥಾನದ ಗವರ್ನರ್ ಪದವಿಗೇ ಅವರು ನಿಂತರು. ನಮ್ಮಲ್ಲಿ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುವರು. ಅಲ್ಲಿ ಗವರ್ನರರನ್ನು ಜನರು ಆರಿಸುವರು, ಮತ್ತು ಅವರ ಅಧಿಕಾರವು ನಮ್ಮ ಮುಖ್ಯಮಂತ್ರಿಗಳ ಅಧಿಕಾರವನ್ನು ಹೆಚ್ಚಾಗಿ ಹೋಲುತ್ತದೆ. ಅಲ್ಲಿಯ ಇನ್ನೊಂದು ಪದ್ಧತಿಯನ್ನೂ ತಿಳಿಯಬೇಕು. ನಮ್ಮಲ್ಲಿ ಪಕ್ಷದ ಉಮೇದುವಾರರು ಯಾರೆಂಬುದನ್ನು ಪಕ್ಷದ ಹಿರಿಯರು ನಿಶ್ಚಯಿಸಿ ಟಿಕೇಟು ಕೊಡುವರು. ಅಲ್ಲಿ ಅದಕ್ಕಾಗಿಯೇ ಒಂದು ಮೊದಲ ಚುನಾವಣೆ ನಡೆಯುತ್ತದೆ. ಒಂದೇ ಪಕ್ಷದ ಮೂವರೋ ನಾಲ್ವರೋ ತಮ್ಮತಮ್ಮಲ್ಲೇ ಸ್ಪರ್ಧಿಸುವರು, ಸಾಮಾನ್ಯ ಮತದಾರರು ಅವರಲ್ಲಿ ಒಬ್ಬರನ್ನು ಆರಿಸುವರು, ಆ ಒಬ್ಬರು ಎರಡನೆಯ ಚುನಾವಣೆಯಲ್ಲಿ ಎದುರು ಪಕ್ಷದವರನ್ನು ಎದುರಿಸುವರು. ಒಂದೇ ಪಕ್ಷವು ಬಲವಾಗಿರುವ ಡೆಟ್ರಾಯಿಟಿನಂಥ ಊರಲ್ಲಿ ಈ ಮೊದಲ ಚುನಾವಣೆಯೇ ನಿಜವಾದದ್ದು. ಎರಡನೆಯದು ಹೆಚ್ಚಾಗಿ ಶಾಸ್ತ್ರಕ್ಕೆ. 2018ರ ಆಗಸ್ಟ್ ತಿಂಗಳ ಮೊದಲ ಚುನಾವಣೆಯಲ್ಲಿ ಡೆಮೊಕ್ರಾಟಿಕ್ ಪಕ್ಷದ ಮೂವರಲ್ಲಿ ಠಾಣೇದಾರರು ಮೂರನೆಯವರಾದರು. ಗೆದ್ದವರು ಗ್ರೆಚೆನ್ ವಿಟ್ಮರ್ ಎಂಬ ಮಹಿಳೆ. ಅವರೇ ಮುಂದೆ ಗವರ್ನರರೂ ಆದರು.

ಸೋತವರು ಏನು ಮಾಡಿದರೆಂಬುದೇ ನಮಗೆ ಹೆಚ್ಚು ಉಪಯುಕ್ತವಾದ ಭಾಗ. ಅವರು ಆ್ಯನ್ ಆರ್ಬರನ್ನು ಬಿಟ್ಟು ಡೆಟ್ರಾಯಿಟ್ ನಗರಕ್ಕೆ ಬಂದು ಮನೆ ಮಾಡಿದರು. ಮೋಟಾರು ಗಾಡಿಗಳ ಕಾರಖಾನೆಗಳಿಂದ ಹೆಸರಾದ ಈ ನಗರದಲ್ಲಿ 1950ರಲ್ಲಿ ಹದಿನೆಂಟೂವರೆ ಲಕ್ಷದಷ್ಟು ಜನರಿದ್ದರು. 2020ರ ಜನಗಣತಿಗೆ ಉಳಿದವರು 6 ಲಕ್ಷ 40 ಸಾವಿರಕ್ಕೂ ಕಡಿಮೆ. 2013ರಲ್ಲಿ ನಗರಸಭೆಯೇ ದಿವಾಳಿ ಎತ್ತಿತು. ಅಂಥ ಊರಿನಲ್ಲಿ ಪ್ರತಿನಿಧಿಗೆ ಬರುವ ದೂರುಗಳೆಂದರೆ ಬೀದಿಯ ದೀಪ, ನಳದ ನೀರಿನ ಬಿಲ್ಲು, ಪಾಳುಬಿದ್ದ ಮನೆ, ಮೋಟಾರು ವಿಮೆಯ ದರ, ಇಂಥವೇ. 2020ರಲ್ಲಿ ಠಾಣೇದಾರರು ಮಿಶಿಗನ್ ಸಂಸ್ಥಾನದ ಕೆಳಮನೆಗೆ ಡೆಟ್ರಾಯಿಟಿನ ಒಂದು ಭಾಗದಿಂದ ನಿಂತು ಗೆದ್ದರು. ಆ ಮನೆಯಲ್ಲಿ 110 ಜನ ಸದಸ್ಯರು, ಎರಡು ವರ್ಷದ ಅವಧಿ. ಒಬ್ಬೊಬ್ಬ ಸದಸ್ಯರ ಪಾಲಿಗೆ ಸುಮಾರು ತೊಂಬತ್ತು ಸಾವಿರ ಜನ. ಇಡೀ ಸಂಸ್ಥಾನವನ್ನು ಕೇಳಿ ಸಿಗದವರು ಕೆಲವು ಓಣಿಗಳನ್ನು ಕೇಳಿದರು, ಅದು ಸಿಕ್ಕಿತು. ಅಲ್ಲಿಂದ ಎರಡು ವರ್ಷಕ್ಕೆ ದೇಶದ ಸಂಸತ್ತು.

ಇದರಲ್ಲಿ ಅಡಗಿರುವ ಕಾನೂನಿನ ಸೂಕ್ಷ್ಮವನ್ನು ಗಮನಿಸಬೇಕು. ಅಮೇರಿಕದ ಸಂಸತ್ತಿನ ಕೆಳಮನೆಗೆ ನಿಲ್ಲಲು 25 ವರ್ಷದ ವಯಸ್ಸು, 7 ವರ್ಷದ ನಾಗರಿಕತ್ವ, ಆ ಸಂಸ್ಥಾನದಲ್ಲಿ ವಾಸ, ಇಷ್ಟಿದ್ದರೆ ಸಾಕು. ಅದೇ ಕ್ಷೇತ್ರದಲ್ಲಿ ಮನೆ ಇರಬೇಕೆಂಬ ನಿಯಮವಿಲ್ಲ. ಆದರೆ ಮಿಶಿಗನ್ನಿನ ಸಣ್ಣ ಮನೆಗೆ ನಿಲ್ಲುವವರು ಅದೇ ಕ್ಷೇತ್ರದ ಮತದಾರರಾಗಿರಲೇಬೇಕು. ಅಂದರೆ ಸ್ಥಾನವು ದೊಡ್ಡದಾದಷ್ಟು ವಿಳಾಸದ ಕಟ್ಟು ಸಡಿಲು, ಸ್ಥಾನವು ಚಿಕ್ಕದಾದಷ್ಟು ಬಿಗಿ. ನಮ್ಮ ದೇಶದಲ್ಲಿಯೂ ಹೀಗೆಯೇ ಇರುವುದನ್ನು ಮುಂದೆ ತೋರಿಸುವೆವು.

ಇದೇ ಏಣಿಯನ್ನು ಕೆಳಗಿನಿಂದ ಹತ್ತಿದ ಇನ್ನೊಬ್ಬರಿದ್ದರು. ಅಮೃತಸರದ ಕಡೆಯ ದಲೀಪ್ ಸಿಂಗ್ ಸೌಂದ್ ಎಂಬವರು 1920ರಲ್ಲಿ ಅಮೇರಿಕಕ್ಕೆ ಹೋಗಿ ಗಣಿತದಲ್ಲಿ ಡಾಕ್ಟರೇಟ್ ಪಡೆದರೂ, ಕ್ಯಾಲಿಫೋರ್ನಿಯದಲ್ಲಿ ಒಕ್ಕಲುತನ ಮಾಡಿಯೇ ಬದುಕಬೇಕಾಯಿತು. ಮೇಲೆ ಹೇಳಿದ 1946ರ ಕಾನೂನಿಗಾಗಿ ದುಡಿದವರಲ್ಲಿ ಅವರೂ ಒಬ್ಬರು, 1949ರಲ್ಲಿ ನಾಗರಿಕರಾದರು. ಮರುವರ್ಷ ವೆಸ್ಟ್‌ಮೋರ್ಲೆಂಡ್ ಎಂಬ ಪುಟ್ಟ ಊರಿನವರು ಅವರನ್ನು ತಮ್ಮ ನ್ಯಾಯಾಧೀಶರನ್ನಾಗಿ ಆರಿಸಿದರು. ನಾಗರಿಕರಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲವೆಂಬ ಕಾರಣದಿಂದ ಆ ಆಯ್ಕೆಯು ಅಸಿಂಧುವಾಯಿತು. ಸೌಂದರು ಸಿಟ್ಟಾಗಿ ಕೈಬಿಡಲಿಲ್ಲ. 1952ರಲ್ಲಿ ಮತ್ತೆ ನಿಂತು ಗೆದ್ದು, ಊರಿನ ಸಣ್ಣ ತಂಟೆಗಳನ್ನು ತೀರಿಸುತ್ತ ನಾಲ್ಕು ವರ್ಷ ಕೂತರು. 1956ರಲ್ಲಿ ಅದೇ ಜನ ಅವರನ್ನು ಸಂಸತ್ತಿಗೆ ಕಳುಹಿಸಿದರು. ಏಷಿಯಾ ಖಂಡದಲ್ಲಿ ಹುಟ್ಟಿ ಅಲ್ಲಿಗೆ ಆರಿಸಿ ಹೋದವರಲ್ಲಿ ಅವರೇ ಮೊದಲಿಗರು. ನಮಗೆ ಈ ಇಬ್ಬರಲ್ಲಿ ಸೌಂದರ ದಾರಿಯೇ ಹೆಚ್ಚು ಮೆಚ್ಚಿಗೆಯಾಗುತ್ತದೆ ಎಂದು ಹೇಳಿದರೆ ಚಿಕ್ಕೋಡಿಯ ಪಾಲಕರು ಬೇಸರಿಸಬಾರದು.

ಮೆಚ್ಚಿಗೆಯಲ್ಲಿ ಈ ಭೇದವೇಕೆಂದರೆ, ಠಾಣೇದಾರರ ದಾರಿಯಲ್ಲಿ ಹಣದ ಪಾತ್ರ ದೊಡ್ಡದು. 2018ರ ಒಂದೇ ಚುನಾವಣೆಯಲ್ಲಿ ಅವರು ಸ್ವಂತದ ಸುಮಾರು ಒಂದು ಕೋಟಿ ಡಾಲರುಗಳನ್ನು ಹಾಕಿದರು. 2022ರಲ್ಲಿಯೂ ಲಕ್ಷಾಂತರ ಡಾಲರು ಸ್ವಂತದ್ದೇ. ಅದು ಕದ್ದ ಹಣವಲ್ಲ, ಬೆವರಿನ ಹಣ, ನಿಜ. ಆದರೂ ಪರಸ್ಥಳದಿಂದ ಬಂದವನಿಗೆ ಪರಿಚಯದ ಕೊರತೆಯನ್ನು ಹಣವು ತುಂಬಿಕೊಡುತ್ತದೆಂದಾದರೆ, ಹಣವಿಲ್ಲದೆ ಬಂದವರ ಗತಿಯೇನು? ಇನ್ನೂ ಒಂದು ಮಾತುಂಟು. ಡೆಟ್ರಾಯಿಟಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಕರಿಯ ವರ್ಣದವರು, ಗುಲಾಮಗಿರಿಯ ಕಷ್ಟವನ್ನು ತಲೆಮಾರುಗಳಿಂದ ಉಂಡ ವಂಶದವರು. 1955ರಲ್ಲಿ ಚಾರ್ಲ್ಸ್ ಡಿಗ್ಸ್ ಎಂಬವರು ಸಂಸತ್ತಿಗೆ ಹೋದಂದಿನಿಂದ ಆ ನಗರದ ಪರವಾಗಿ ಅವರ ಜನಾಂಗದ ಒಬ್ಬರಾದರೂ ಅಲ್ಲಿ ಇದ್ದೇ ಇದ್ದರು. ಅದೇ 1955ರಲ್ಲಿ ಚಿಕ್ಕೋಡಿಯಲ್ಲಿ ಹುಟ್ಟಿದ ಮಗುವು 2023ರ ಜನವರಿಯಲ್ಲಿ ಆ ಸ್ಥಾನದಲ್ಲಿ ಕುಳಿತಾಗ ಆ ಸಾಲು ಕಡಿಯಿತು. ಮೊದಲ ಚುನಾವಣೆಯಲ್ಲಿ ಬಹಳ ಜನ ಸ್ಪರ್ಧಿಗಳಿದ್ದು ಮತಗಳು ಹಂಚಿಹೋದುದರಿಂದ ನೂರಕ್ಕೆ ಮೂವತ್ತಕ್ಕಿಂತ ಕಡಿಮೆ ಮತಗಳಲ್ಲಿಯೇ ಗೆಲುವಾಯಿತು. ಅಲ್ಲಿಯ ಹಲವರಿಗೆ ಇದು ದುಃಖದ ಸಂಗತಿಯಾಯಿತು. ಅವರು ಅದನ್ನು ಬಹಿರಂಗವಾಗಿ ಹೇಳಿಯೂ ಹೇಳಿದರು. ನಮ್ಮವನೊಬ್ಬ ಗೆದ್ದನೆಂದು ಇಲ್ಲಿ ಪೇಢೆ ಹಂಚುವಾಗ, ಸೋತವರ ಮನೆಯಲ್ಲಿ ಏನು ನಡೆದಿದ್ದೀತೆಂದು ಯೋಚಿಸುವ ಅಭ್ಯಾಸವನ್ನು ನಮ್ಮ ಹುಡುಗಿಯರಲ್ಲಿ ಬೆಳೆಸಲು ಇಚ್ಛಿಸುತ್ತೇವೆ. ನಮ್ಮ ಊರಿನಲ್ಲಿ ನಿನ್ನೆ ಬಂದ ಶ್ರೀಮಂತನೊಬ್ಬನು ಚುನಾವಣೆಗೆ ನಿಂತರೆ ನಾವೇನೆನ್ನುವೆವು?

ಆದರೆ ಇದಕ್ಕೆ ಡೆಟ್ರಾಯಿಟಿನವರೇ ಕೊಟ್ಟ ಉತ್ತರವೂ ಇದೆ. 2024ರಲ್ಲಿ ಅವರು ಅದೇ ಪ್ರತಿನಿಧಿಯನ್ನು ಮತ್ತೆ ಆರಿಸಿದರು, ಮತ್ತು ಈ ಸಲ ಮೊದಲ ಚುನಾವಣೆಯಲ್ಲಿಯೇ ಅರ್ಧಕ್ಕೂ ಹೆಚ್ಚು ಮತಗಳಿಂದ. ಅದೇ ವರ್ಷ ಒಬ್ಬ ಬಲವಾದ ಎದುರಾಳಿಯ ಹೆಸರು ಮತಪತ್ರದಿಂದಲೇ ಬಿದ್ದುಹೋಯಿತು. ಕಾರಣವೇನೆಂದರೆ ಅಲ್ಲಿ ಸಂಸತ್ತಿಗೆ ನಿಲ್ಲುವವರು ಆ ಕ್ಷೇತ್ರದ ಕನಿಷ್ಠ 1,000 ಜನ ಮತದಾರರ ಸಹಿಗಳನ್ನು ಸಲ್ಲಿಸಬೇಕು. ಅವರು ಸಲ್ಲಿಸಿದವುಗಳಲ್ಲಿ ಸಿಂಧುವಾದವು ಅಷ್ಟು ಇರಲಿಲ್ಲ. ಸಹಿ, ಯಾದಿ, ವಿಳಾಸ, ತಾರೀಖು. ಭಾಷಣಗಳಿಗಿಂತ ಈ ನಾಲ್ಕರಿಂದಲೇ ಎಷ್ಟೋ ಚುನಾವಣೆಗಳು ನಿರ್ಣಯವಾಗುತ್ತವೆ.

ಬೇರೆ ದೇಶಗಳಲ್ಲಿ ಈ ಬಾಗಿಲಿನ ಎತ್ತರ ಬೇರೆ ಬೇರೆ. ಇಂಗ್ಲೆಂಡಿನಲ್ಲಿ ಕಾಮನ್‌ವೆಲ್ತ್ ದೇಶಗಳವರು, ಎಂದರೆ ನಮ್ಮವರೂ, ಅಲ್ಲಿ ಕಾಯಿದೆಯಂತೆ ವಾಸವಾಗಿದ್ದರೆ, ಆ ದೇಶದ ನಾಗರಿಕರಾಗದೆಯೇ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು, ನಿಲ್ಲಲೂಬಹುದು. ಕಲಬುರ್ಗಿಯ ಡಾಕ್ಟರ್ ನೀರಜ್ ಪಾಟೀಲರು ವೈದ್ಯರಾಗಿ ಅಲ್ಲಿಗೆ ಹೋಗಿ, ಲಂಡನ್ನಿನ ಲ್ಯಾಂಬೆತ್ ವಿಭಾಗದ ನಗರಸಭೆಗೆ ಆರಿಸಿಬಂದು, 2010ರಲ್ಲಿ ಒಂದು ವರ್ಷದ ಮಟ್ಟಿಗೆ ಅಲ್ಲಿಯ ಮೇಯರರಾದರು. ಥೇಮ್ಸ್ ನದಿಯ ದಂಡೆಯ ಮೇಲಿನ ಬಸವೇಶ್ವರ ಮೂರ್ತಿಯು ಅವರ ಪ್ರಯತ್ನದ ಫಲ. ಅದರ ಅನಾವರಣ 2015ರ ನವೆಂಬರ್ 14ರಂದು ಆಯಿತು. ಕೆನಡಾ ದೇಶಕ್ಕೆ ಶಿರಾ ತಾಲೂಕಿನ ಚಂದ್ರ ಆರ್ಯರು 2006ರಲ್ಲಿ ಹೋಗಿ, ಕೇವಲ ಒಂಬತ್ತು ವರ್ಷಗಳಲ್ಲಿ, 2015ರಲ್ಲಿ, ಸಂಸತ್ತಿನ ಸದಸ್ಯರಾಗಿ, 2022ರಲ್ಲಿ ಆ ಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದರು, 2025ರವರೆಗೆ ಸದಸ್ಯರಾಗಿದ್ದರು. ಇನ್ನು ಆಸ್ಟ್ರೇಲಿಯಕ್ಕೆ ಹೋದ ಇಂಗ್ಲೀಷರ ದಾರಿಯಂತೂ ಬಹುಕಾಲ ಹಾಸಿಗೆ ಹಾಸಿದಂತೆಯೇ ಇತ್ತು. 1945ರ ತರುವಾಯ ಅಲ್ಲಿಯ ಸರಕಾರವು ದೊಡ್ಡವರಿಗೆ ಕೇವಲ 10 ಪೌಂಡು ತೆಗೆದುಕೊಂಡು ಹಡಗಿನಲ್ಲಿ ಕರೆತರುತ್ತಿತ್ತು, ಮಕ್ಕಳಿಗೆ ಅದೂ ಇಲ್ಲ. 1984ರ ಜನವರಿಗಿಂತ ಮೊದಲು ಅಲ್ಲಿಯ ಮತದಾರರ ಯಾದಿಗೆ ಸೇರಿದ ಬ್ರಿಟಿಷ್ ಪ್ರಜೆಗಳು ನಾಗರಿಕರಾಗದೆಯೂ ಇಂದಿಗೂ ಮತ ಹಾಕುತ್ತಾರೆ. 1966ರಲ್ಲಿ ವೇಲ್ಸ್ ಪ್ರಾಂತದಿಂದ ತಾಯಿತಂದೆಗಳ ಸಂಗಡ ಹೀಗೆ ಬಂದ ಹುಡುಗಿ ಜೂಲಿಯಾ ಗಿಲಾರ್ಡ್ 2010ರಲ್ಲಿ ಆ ದೇಶದ ಪ್ರಧಾನಮಂತ್ರಿಯಾದರು. ಒಂದೇ ಭಾಷೆ, ಒಂದೇ ಅರಸೊತ್ತಿಗೆ, ಬಿಳಿಯ ಬಣ್ಣ. ಹಾಗಿದ್ದವರಿಗೆ ಬಾಗಿಲು ಅಗಲವಾಗಿತ್ತು.

ಇಷ್ಟು ಹೇಳಿದ ಮೇಲೆ, ಇದಕ್ಕೂ ನಮ್ಮ ಶಾಲೆಗೂ ಏನು ಸಂಬಂಧವೆಂದು ಪಾಲಕರು ಕೇಳಿದರೆ, ನಾವು ನಮ್ಮ ಹಳೆಯ ವಿದ್ಯಾರ್ಥಿನಿಯರ ವಿಳಾಸಗಳ ಪುಸ್ತಕವನ್ನು ತೆರೆದು ತೋರಿಸುವೆವು. ರಾಯಬಾಗದಲ್ಲಿ ಹುಟ್ಟಿದವಳು ಅಥಣಿಯಲ್ಲಿ, ಕಾಗವಾಡದವಳು ಮಿರಜಿನಲ್ಲಿ, ನಿಪ್ಪಾಣಿಯವಳು ಕೊಲ್ಲಾಪುರದಲ್ಲಿ, ಚಿಕ್ಕೋಡಿಯವಳು ಸಂಕೇಶ್ವರದಲ್ಲಿ. ಹೆಣ್ಣುಮಕ್ಕಳಷ್ಟು ಊರು ಬಿಟ್ಟು ಊರಿಗೆ ಹೋಗಿ ನೆಲೆಸುವವರು ಈ ದೇಶದಲ್ಲಿ ಬೇರೆ ಯಾರಿದ್ದಾರೆ? ಅವರಿಗೆ ಯಾರೂ ಪರದೇಶಸ್ಥರೆಂದು ಹೆಸರಿಡುವುದಿಲ್ಲ, ಸೊಸೆ ಎನ್ನುತ್ತಾರೆ, ಅಷ್ಟೇ. ಅಡಿಗೆಯ ರುಚಿ, ಮಾತಿನ ಧಾಟಿ, ನೀರು ತರುವ ಹಾದಿ, ಎಲ್ಲವನ್ನೂ ಹೊಸದಾಗಿ ಕಲಿಯುವರು. ಊರಿನ ಕಾರಭಾರದಲ್ಲಿ ಮಾತ್ರ ಅವರು ಹತ್ತಿಪ್ಪತ್ತು ವರ್ಷಗಳಾದರೂ ‘ಹೊರಗಿನಿಂದ ಬಂದವಳು’.

ಎರಡು ವರ್ಷಗಳ ಹಿಂದೆ ಇಂಥ ಒಬ್ಬಳು ನಮಗೆ ಪತ್ರ ಬರೆದಳು. ‘ಬಾಯಿಯವರೇ, ನಮ್ಮ ಊರಿನ ಪಂಚಾಯತಿಯ ಸ್ಥಾನ ಈ ಸಲ ಹೆಂಗಸರಿಗೆ ಬಂದೀತಂತೆ. ನಿಲ್ಲೆಂದು ಓಣಿಯ ಹೆಂಗಸರು ಅನ್ನುತ್ತಾರೆ. ನೀನು ಈ ಊರಿನವಳಲ್ಲ, ನಿನಗೆ ಹಕ್ಕಿಲ್ಲವೆಂದು ಭಾವನವರು ಹೇಳುತ್ತಾರೆ. ನಿಜವೇ?’ ಎಂದು ಕೇಳಿದ್ದಳು. ಅವಳಿಗೆ ಬರೆದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತೇವೆ, ಏಕೆಂದರೆ ಇದೇ ಸಂಶಯವು ಇನ್ನೂ ಹಲವರಿಗಿರಬಹುದು.

ಹುಟ್ಟಿದ ಊರು ಯಾವುದೆಂದು ಪಂಚಾಯತಿಯ ಕಾನೂನು ಕೇಳುವುದಿಲ್ಲ. ವಯಸ್ಸು 21 ತುಂಬಿರಬೇಕು, ಆ ಪಂಚಾಯತಿಯ ಮತದಾರರ ಯಾದಿಯಲ್ಲಿ ಹೆಸರಿರಬೇಕು; ಕಾನೂನಿನಲ್ಲಿ ಹೇಳಿದ ಅನರ್ಹತೆಗಳು ಇರಕೂಡದು. ಭಾವನವರ ಮಾತಿಗೆ ಇದೇ ಉತ್ತರ. ಈಗ ನಾವು ಮೇಲೆ ಹೇಳಿದ ಸೂತ್ರವನ್ನು ನೆನೆಯಿರಿ. ನಮ್ಮ ದೇಶದಲ್ಲಿ ಲೋಕಸಭೆಗೆ ನಿಲ್ಲುವವರ ಹೆಸರು ಭಾರತದ ಯಾವ ಕ್ಷೇತ್ರದ ಯಾದಿಯಲ್ಲಿದ್ದರೂ ಸಾಮಾನ್ಯವಾಗಿ ನಡೆಯುತ್ತದೆ. ವಿಧಾನಸಭೆಗೆ ಆ ರಾಜ್ಯದ ಯಾವುದಾದರೊಂದು ಕ್ಷೇತ್ರದಲ್ಲಿ ಇರಬೇಕು. ಗ್ರಾಮ ಪಂಚಾಯತಿಗೆ ಅದೇ ಪಂಚಾಯತಿಯಲ್ಲಿಯೇ ಇರಬೇಕು. ಆದುದರಿಂದ ಲಗ್ನವಾಗಿ ಹೋದ ಹುಡುಗಿಯ ಹೆಸರು ತವರೂರಿನ ಯಾದಿಯಲ್ಲಿಯೇ ಉಳಿದರೆ ಅವಳು ದಿಲ್ಲಿಗೆ ಹೋಗಲು ಅರ್ಹಳು, ಗಂಡನ ಊರಿನ ಪಂಚಾಯತಿಯ ಕಟ್ಟೆ ಹತ್ತಲು ಅನರ್ಹಳು! ನಮ್ಮ ವಿದ್ಯಾರ್ಥಿನಿಯ ಹೆಸರು ಹೀಗೆಯೇ ತವರಿನ ಯಾದಿಯಲ್ಲಿ ನಿಂತುಹೋಗಿತ್ತು. ಅವಳಿಗಾಗಲಿ ಭಾವನವರಿಗಾಗಲಿ ಅದು ಗೊತ್ತಿರಲಿಲ್ಲ. ವಾಸ ಬದಲಾದವರು ಹೆಸರನ್ನು ವರ್ಗಾಯಿಸಿಕೊಳ್ಳಲು ಚುನಾವಣಾ ಇಲಾಖೆಯ ನಮೂನೆ 8ನ್ನು ತುಂಬಿ ಕೊಡಬೇಕು. ತಹಶೀಲ್ದಾರ ಕಚೇರಿಯಲ್ಲಿ ಅಥವಾ ಮತಗಟ್ಟೆಯ ಅಧಿಕಾರಿಗಳಲ್ಲಿ ಅದು ದೊರೆಯುವುದು. ಹಲವು ಊರುಗಳಲ್ಲಿ ನಮ್ಮ ಪ್ರಾಥಮಿಕ ಶಾಲೆಯ ಮಾಸ್ತರರೂ ಅಂಗನವಾಡಿಯ ಬಾಯಿಯವರೂ ಆ ಕೆಲಸ ನೋಡುತ್ತಾರೆ.

ಎರಡನೆಯ ಸಂಗತಿ ಮೀಸಲು ಸ್ಥಾನದ್ದು. ಕರ್ನಾಟಕದಲ್ಲಿ ಮಹಿಳೆಯರಿಗೆ 1983ರ ಕಾನೂನಿನಿಂದ ನೂರಕ್ಕೆ 25 ಸ್ಥಾನಗಳು ದೊರೆತು, ಆ ಪ್ರಕಾರ 1987ರಲ್ಲಿ ಚುನಾವಣೆಗಳಾದವು. ಸಂವಿಧಾನದ 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಾಗ ಇಡೀ ದೇಶದಲ್ಲಿ ಮೂರರಲ್ಲಿ ಒಂದು ಭಾಗವಾಯಿತು. 2010ರಲ್ಲಿ ನಮ್ಮ ರಾಜ್ಯವು ಅದನ್ನು ಅರ್ಧಕ್ಕೆ ಏರಿಸಿತು. ಇಷ್ಟನ್ನು ಎಲ್ಲರೂ ಬಲ್ಲರು. ಬಲ್ಲದಿರುವುದು ಇದು: ಹಿಂದುಳಿದ ವರ್ಗದ, ಪರಿಶಿಷ್ಟ ಜಾತಿಯ ಅಥವಾ ಪಂಗಡದ ಮಹಿಳೆಗೆಂದು ಮೀಸಲಾದ ಸ್ಥಾನಕ್ಕೆ ನಿಲ್ಲುವವಳು ಜಾತಿಯ ಪ್ರಮಾಣಪತ್ರವನ್ನು ತಂದೆಯ ಮನೆತನದ ಆಧಾರದಿಂದಲೇ ಪಡೆಯಬೇಕು. ಗಂಡನ ಜಾತಿಯು ಲಗ್ನದಿಂದ ಅವಳಿಗೆ ಬರುವುದಿಲ್ಲ. ಅಂದರೆ ವಿಳಾಸ ಗಂಡನ ಮನೆಯದು, ಜಾತಿಯ ಕಾಗದ ತವರಿನದು. ಎರಡು ಊರುಗಳಿಗೂ ಓಡಾಡಲೇಬೇಕು. ಅದರಲ್ಲಿಯೂ ನಮ್ಮ ಗಡಿಯ ಹುಡುಗಿಯರಿಗೆ ಇನ್ನೊಂದು ತೊಡಕುಂಟು. ಕಾಗವಾಡದಿಂದ ಮಿರಜಿಗೆ ಬಸ್ಸಿನಲ್ಲಿ ಹೋಗಲು ಒಂದು ಹೊತ್ತೂ ಬೇಡ. ಆದರೆ ನಡುವೆ ರಾಜ್ಯದ ಗಡಿ ಇದೆ. ಒಂದು ರಾಜ್ಯದಲ್ಲಿ ಪಡೆದ ಪರಿಶಿಷ್ಟ ಜಾತಿ ಪಂಗಡಗಳ ಮೀಸಲಾತಿಯ ಹಕ್ಕು ಇನ್ನೊಂದು ರಾಜ್ಯಕ್ಕೆ ಸಾಮಾನ್ಯವಾಗಿ ಹಿಂಬಾಲಿಸಿ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿರುತ್ತದೆ. ಗಡಿಯಾಚೆಗೆ ಕೊಟ್ಟ ಮಗಳು ಅಲ್ಲಿ ಸಾಮಾನ್ಯ ಸ್ಥಾನಕ್ಕೆ ನಿಲ್ಲಬಹುದು. ಮೀಸಲು ಸ್ಥಾನಕ್ಕೆ ನಿಂತರೆ ನಾಮಪತ್ರ ಬಿದ್ದೀತು. ಲಗ್ನದ ಮಾತುಕತೆಯಲ್ಲಿ ಬಂಗಾರ ಎಷ್ಟು, ಊಟಕ್ಕೆ ಜನವೆಷ್ಟು ಎಂದು ನಾಲ್ಕು ಸಲ ಕೂಡುವ ನಮ್ಮ ಹಿರಿಯರು ಇದನ್ನು ಒಂದು ಸಲ ವಿಚಾರಿಸಿದ್ದನ್ನು ನಾವಂತೂ ಕೇಳಿಲ್ಲ.

ಗೆದ್ದ ತರುವಾಯದ ಮಾತು ಬೇರೆ. ಸದಸ್ಯೆ ಇವಳು, ಸಭೆಗೆ ಹೋಗುವವರು ಅವಳ ಪತಿ, ಸಹಿಗೆ ಪುಸ್ತಕವು ಅಡಿಗೆಮನೆಗೆ ಬರುವುದು: ಈ ಸ್ಥಿತಿಯನ್ನು ನಮ್ಮ ಐದೂ ತಾಲೂಕುಗಳವರು ಕಂಡಿದ್ದಾರೆ. ಪರಊರಿನವಳೆಂಬ ಅಳುಕೇ ಇದಕ್ಕೆ ಅರ್ಧ ಕಾರಣವೆಂದು ನಮಗೆ ತೋರುತ್ತದೆ. ಯಾವ ಗಟಾರ ಎಲ್ಲಿ ಕಟ್ಟಿದೆ, ಯಾವ ಕೊಳವೆಬಾವಿಯ ಪಂಪು ಎಷ್ಟು ದಿನದಿಂದ ಕೆಟ್ಟಿದೆ ಎಂಬುದನ್ನು ಪತಿಗಿಂತ ಅವಳೇ ಚೆನ್ನಾಗಿ ಬಲ್ಲಳು, ಏಕೆಂದರೆ ನೀರಿಗೆ ನಿಲ್ಲುವವಳು ಅವಳೇ. ಸೌಂದರು ವೆಸ್ಟ್‌ಮೋರ್ಲೆಂಡಿನಲ್ಲಿ ನಾಲ್ಕು ವರ್ಷ ಮಾಡಿದ್ದೂ ಇಂಥ ಸಣ್ಣ ಕೆಲಸಗಳನ್ನೇ. ದೊಡ್ಡ ಸ್ಥಾನಗಳಿಗೂ ನಮ್ಮ ಭಾಗದ ಮಹಿಳೆಯರು ಹೋಗದೆ ಇಲ್ಲ. ಏಳು ಸಲ ಗೆದ್ದ ಬಿ. ಶಂಕರಾನಂದರ ಚಿಕ್ಕೋಡಿ ಲೋಕಸಭಾ ಕ್ಷೇತ್ರದಿಂದ 1996ರಲ್ಲಿ ರತ್ನಮಾಲಾ ಸವಣೂರ ಅವರು ಆರಿಸಿ ಹೋದರು. ನಿಪ್ಪಾಣಿಯಿಂದ ಶಶಿಕಲಾ ಜೊಲ್ಲೆಯವರು 2013ರಿಂದ ಮೂರು ಸಲ ವಿಧಾನಸಭೆಗೆ. 2024ರಲ್ಲಿ ಪ್ರಿಯಾಂಕಾ ಜಾರಕಿಹೊಳಿಯವರು ಲೋಕಸಭೆಗೆ. ಪಕ್ಷದ ವಿಚಾರ ನಮಗೆ ಬೇಡ. ನಮ್ಮ ಶಾಲೆಯಲ್ಲಿ ಎಲ್ಲ ಪಕ್ಷದ ಮನೆಗಳ ಮಕ್ಕಳೂ ಓದುತ್ತಾರೆ. ಗ್ರಾಮ ಪಂಚಾಯತಿಯ ಚುನಾವಣೆಯಂತೂ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದು.

ಪತ್ರ ಬರೆದ ನಮ್ಮ ಹಳೆಯ ವಿದ್ಯಾರ್ಥಿನಿಯು ಹೆಸರನ್ನು ವರ್ಗಾಯಿಸಿಕೊಂಡು ಗುರುತಿನ ಕಾರ್ಡು ಬಂದ ವಿಷಯವನ್ನು ತಿಳಿಸಿದ್ದಾಳೆ. ನಿಲ್ಲುವಳೋ ಇಲ್ಲವೋ ಇನ್ನೂ ಗೊತ್ತಿಲ್ಲ. ಅದು ಅವಳ ಇಷ್ಟ.

ಕಾಗದಪತ್ರಗಳ ವಿಷಯದಲ್ಲಿ ಒಂದು ಸೂಚನೆ. ಜನ್ಮ ತಾರೀಖಿಗೂ ಜಾತಿಯ ಪ್ರಮಾಣಪತ್ರಕ್ಕೂ ಶಾಲೆಯ ದಾಖಲೆಯನ್ನು ಕೇಳುವುದುಂಟು. ಬಹಳ ಜನರ ಶಾಲೆ ಬಿಟ್ಟ ದಾಖಲೆಪತ್ರಗಳು ಮನೆ ಬದಲಿಸುವಾಗ ಕಳೆದುಹೋಗಿವೆ. ಕೆಲವರ ಹೆಸರು ಲಗ್ನದಲ್ಲಿ ಬದಲಾಗಿದೆ. ನಮ್ಮ ಕಚೇರಿಯಲ್ಲಿ ದಾಖಲಾತಿಯ ಹಳೆಯ ಪುಸ್ತಕಗಳು ಸುರಕ್ಷಿತವಾಗಿವೆ. ಬೇಕಾದವರು ತವರಿನ ಹೆಸರು, ತಂದೆಯ ಹೆಸರು, ಶಾಲೆ ಬಿಟ್ಟ ವರ್ಷ ಇವನ್ನು ಬರೆದು ಅರ್ಜಿ ಕಳುಹಿಸಿದರೆ ಉತಾರ ತೆಗೆದು ಕೊಡಲಾಗುವುದು. ಬೇಸಿಗೆಯ ರಜೆಯಲ್ಲಿ ಕಚೇರಿಯು ಬೆಳಗಿನ ಹೊತ್ತು ಮಾತ್ರ ತೆರೆದಿರುತ್ತದೆ. ಚುನಾವಣೆಯ ತಾರೀಖು ಹೊರಟ ಮೇಲೆ ಓಡಿ ಬರುವುದಕ್ಕಿಂತ ಮೊದಲೇ ಬರುವುದು ಒಳ್ಳೆಯದು.